ದೇವರೂ ಇಲ್ಲ, ಅರ್ಥವೂ ಇಲ್ಲ ಎಂದ ಮೇಲೆ ಒಳ್ಳೆಯವರಾಗಿ ಏಕಿರಬೇಕು?

ಪ್ರಶ್ನೆ: ಮೂರು ವರ್ಷದಿಂದ ಅಸ್ತಿತ್ವವಾದಿಗಳನ್ನು ಓದುತ್ತಿದ್ದೇನೆ. ದೇವರ ಮೇಲಿನ ನಂಬಿಕೆ ಅದಕ್ಕೂ ಮೊದಲೇ ಹೋಗಿತ್ತು. ಜಗತ್ತಿಗೆ ತನ್ನದೇ ಅಂತ ಒಂದು ಅರ್ಥವಿಲ್ಲ, ಮನುಷ್ಯ ಪೂರ್ತಿ ಸ್ವತಂತ್ರ ಎನ್ನುವವರೆಗೆ ಅವರು ಹೇಳುವುದನ್ನು ಒಪ್ಪುತ್ತೇನೆ. ಆಮೇಲಿನದು ತಲೆಗೆ ಹತ್ತುತ್ತಿಲ್ಲ. ಹಾಗಿದ್ದ ಮೇಲೆ ಒಳ್ಳೆಯವನಾಗಿ ಏಕಿರಬೇಕು? ‘ನಿನ್ನ ಬದುಕಿನ ಅರ್ಥವನ್ನು ನೀನೇ ಕಟ್ಟಿಕೋ’ ಎನ್ನುತ್ತಾರೆ. ನಾನೇ ಕಟ್ಟಿದ್ದನ್ನು ನಾನೇ ಕೆಡವಬಹುದಲ್ಲವೇ? ಹಾಗೆ ಕೆಡವಬಹುದಾದದ್ದು ಅರ್ಥ ಹೇಗಾಗುತ್ತದೆ? ವಾರಕ್ಕೆರಡು ಸಂಜೆ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿಗೆ ಪಠ್ಯ ಓದಿ ಹೇಳುತ್ತಿದ್ದೆ. ಇದಕ್ಕೂ ಅರ್ಥವಿಲ್ಲ ಅನ್ನಿಸಿ ಎರಡು ತಿಂಗಳ ಹಿಂದೆ ನಿಲ್ಲಿಸಿಬಿಟ್ಟೆ. ಈಗ ಮನಸ್ಸಿಗೆ ಕಸಿವಿಸಿ. ಅರ್ಥವೇ ಇಲ್ಲದ ಕೆಲಸ ಬಿಟ್ಟಿದ್ದಕ್ಕೆ ಕಸಿವಿಸಿ ಯಾಕಾಗಬೇಕು ಅನ್ನುವುದೂ ತಿಳಿಯುತ್ತಿಲ್ಲ. ಯಾವ ಪುಟಕ್ಕೆ ನಿಲ್ಲಿಸಿದ್ದೆ ಅನ್ನುವುದು ಮಾತ್ರ ಇನ್ನೂ ನೆನಪಿದೆ.

ಉತ್ತರ: ಈ ಪ್ರಶ್ನೆಯನ್ನು ತರಗತಿಯಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಹೆಚ್ಚಿನವರು ವಾದ ಮಾಡಲು ಕೇಳುತ್ತಾರೆ. ನೀವು ಕೈಯಲ್ಲಿದ್ದ ಒಂದು ಕೆಲಸ ನಿಲ್ಲಿಸಿ ಬಂದು ಕೇಳುತ್ತಿದ್ದೀರಿ. ಅದಕ್ಕೇ ಉದ್ದವಾದರೂ ಚಿಂತೆಯಿಲ್ಲ ಎಂದು ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಗೆ ಮುಖಾಮುಖಿ ನಿಂತ ಬರಹವೊಂದಿದೆ. ಫ್ರಾನ್ಸ್ ಇನ್ನೂ ಜರ್ಮನ್ ಸೈನ್ಯದ ಹಿಡಿತದಲ್ಲಿದ್ದಾಗ ಫ್ರೆಂಚ್ ಲೇಖಕ ಆಲ್ಬೆರ್ ಕಮೂ, ಕಲ್ಪನೆಯ ಜರ್ಮನ್ ಗೆಳೆಯನೊಬ್ಬನಿಗೆ ನಾಲ್ಕು ಪತ್ರ ಬರೆದ. ಮೊದಲನೆಯದು 1943ರದು, ಕೊನೆಯದು 1944ರ ಜುಲೈ ತಿಂಗಳದು. ಆ ಕೊನೆಯ ಪತ್ರದಲ್ಲಿ ಅವನು ಒಂದು ವಿಷಯ ಒಪ್ಪಿಕೊಳ್ಳುತ್ತಾನೆ: ಈ ಜಗತ್ತಿಗೆ ಮೇಲಿನಿಂದ ಇಳಿದುಬಂದ ಅರ್ಥವಿಲ್ಲ ಎಂದು ನೀನೂ ನಂಬಿದ್ದೆ, ನಾನೂ ನಂಬಿದ್ದೆ. ಹಾಗಾದರೆ ಒಳಿತು ಕೆಡುಕು ಎಲ್ಲ ಒಂದೇ, ಬಲವೊಂದೇ ನಿಜ ಎಂಬಲ್ಲಿಗೆ ನೀನು ಹೋದೆ. ನಿನಗೆ ಎದುರು ಹೇಳಲು ನನ್ನ ಬಳಿ ಗಟ್ಟಿ ವಾದವೇನೂ ಇರಲಿಲ್ಲ, ನ್ಯಾಯದ ಮೇಲಿನ ಒಂದು ಉತ್ಕಟ ಪ್ರೀತಿ ಮಾತ್ರ ಇತ್ತು. ಜಗತ್ತಿಗೆ ಅಂತಿಮ ಅರ್ಥವಿಲ್ಲ ಎಂದೇ ಈಗಲೂ ನಂಬುತ್ತೇನೆ, ಆದರೆ ಅದರೊಳಗೆ ಅರ್ಥವುಳ್ಳದ್ದೊಂದು ಇದೆ, ಅದು ಮನುಷ್ಯ; ಅರ್ಥ ಬೇಕೇ ಬೇಕೆಂದು ಹಟ ಹಿಡಿಯುವ ಜೀವಿ ಅವನೊಬ್ಬನೇ.

ಆ ಹೊತ್ತಿಗೆ ಕಮೂ ಒಂದು ರಹಸ್ಯ ಪತ್ರಿಕೆಯ ಸಂಪಾದಕ. ಸಿಕ್ಕಿಬಿದ್ದರೆ ಸಾವು. ಅಂಥ ಸ್ಥಿತಿಯಲ್ಲೂ ‘ನಿನ್ನ ಮೊದಲ ಮಾತು ಸುಳ್ಳು’ ಎಂದು ಶತ್ರುವಿಗೆ ಹೇಳದೆ, ‘ನಿನ್ನ ಮೊದಲ ಮಾತೇ ನನ್ನದೂ’ ಎನ್ನುತ್ತಾನೆ. ಇಬ್ಬರೂ ಹೊರಟದ್ದು ಒಂದೇ ಕಡೆಯಿಂದ, ತಲುಪಿದ್ದು ಬೇರೆ ಬೇರೆ ಕಡೆಗೆ. ಅಂದರೆ ‘ಅರ್ಥವಿಲ್ಲ’ ಎನ್ನುವುದರಿಂದ ‘ಒಳ್ಳೆಯವನಾಗಿರಬೇಕಿಲ್ಲ’ ಎನ್ನುವುದು ತಾನಾಗಿ ಹುಟ್ಟುವುದಿಲ್ಲ. ನಡುವೆ ಯಾರೋ ಇನ್ನೊಂದು ಮಾತನ್ನು ಸದ್ದಿಲ್ಲದೆ ಸೇರಿಸಿರುತ್ತಾರೆ. ‘ಯಾವುದಕ್ಕೂ ಬೆಲೆಯಿಲ್ಲ, ಆದ್ದರಿಂದ ನನಗೆ ಹಿತವಾದದ್ದನ್ನು ಮಾಡುತ್ತೇನೆ’ ಎನ್ನುವವನು ತನ್ನ ಹಿತಕ್ಕೆ ಬೆಲೆಯಿದೆ ಎಂದು ಆಗಲೇ ತೀರ್ಮಾನಿಸಿದ್ದಾನೆ. ಎಲ್ಲ ಬೆಲೆಗಳೂ ಬಿದ್ದುಹೋಗಿದ್ದರೆ ಆ ಬೆಲೆಯೂ ಬಿದ್ದಿರಬೇಕಿತ್ತು. ದೇವರಿಲ್ಲದಿದ್ದರೆ ಎಲ್ಲಕ್ಕೂ ಅನುಮತಿ ಇದೆ ಎಂಬ ಮಾತನ್ನು ದಾಸ್ತೊವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಿಂದ ಎತ್ತಿ ಬಹಳ ಜನ ಬಳಸುತ್ತಾರೆ. ಕಮೂ 1942ರಲ್ಲೇ ಅದಕ್ಕೊಂದು ಉತ್ತರ ಕೊಟ್ಟಿದ್ದ: ಎಲ್ಲಕ್ಕೂ ಅನುಮತಿ ಇದೆ ಎಂದರೆ ಯಾವುದಕ್ಕೂ ನಿಷೇಧವಿಲ್ಲ ಎಂದಲ್ಲ. ಮೊದಲ ಓದಿಗೆ ಇದು ಬರೀ ಮಾತಿನ ಚಮತ್ಕಾರ ಅನ್ನಿಸಬಹುದು. ಆದರೆ ಅನುಮತಿ ಕೊಡುವವನೇ ಇಲ್ಲವಾದಾಗ ‘ಮಾಡು’ ಎನ್ನುವ ಬಾಯಿಯೂ ಇರುವುದಿಲ್ಲ. ಮಾಡಿದ್ದರ ಫಲ ಮಾತ್ರ ಹಾಗೆಯೇ ಉಳಿಯುತ್ತದೆ.

ಅರ್ಥವಿಲ್ಲದ ಈ ಸ್ಥಿತಿಗೆ ಕಮೂ ಬಳಸುವ ‘ಅಸಂಗತ’ (ಅಬ್ಸರ್ಡ್) ಎಂಬ ಪದದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಗೊಂದಲದ ಅರ್ಧ ಅಲ್ಲೇ ಇದೆ. ಲ್ಯಾಟಿನ್‌ನಲ್ಲಿ ‘ಅಬ್ಸರ್ಡ್’ನ ಮೂಲ ಪದಕ್ಕೆ ಅಪಸ್ವರ, ಶ್ರುತಿ ತಪ್ಪಿದ್ದು ಎಂಬರ್ಥ. ನಮ್ಮ ಪದ ಇನ್ನೂ ಚೆನ್ನಾಗಿದೆ. ಸಂಗತವಲ್ಲದ್ದು ಅಸಂಗತ, ಒಂದಕ್ಕೊಂದು ಕೂಡಿ ಬಾರದ್ದು. ಕೂಡಿ ಬಾರದಿರಲು ಎರಡು ಬೇಕು. ಒಂಟಿ ಸ್ವರ ಶ್ರುತಿ ತಪ್ಪಲಾರದು. ಕಮೂ ಹೇಳುವುದೂ ಇದನ್ನೇ: ಅಸಂಗತ ಜಗತ್ತಿನಲ್ಲೂ ಇಲ್ಲ, ಮನುಷ್ಯನಲ್ಲೂ ಇಲ್ಲ, ಅವೆರಡು ಎದುರುಬದುರಾದಾಗ ಹುಟ್ಟುತ್ತದೆ. ಮನುಷ್ಯ ‘ಯಾಕೆ?’ ಎಂದು ಕೇಳುತ್ತಾನೆ, ಜಗತ್ತು ಸುಮ್ಮನಿರುತ್ತದೆ. ಗಾಜಿನ ಗೋಡೆಯಾಚೆ ಒಬ್ಬ ಫೋನಿನಲ್ಲಿ ಮಾತಾಡುತ್ತಿರುವ ಚಿತ್ರವನ್ನು ಅವನು ಕೊಡುತ್ತಾನೆ. ಕೈ ಬೀಸುತ್ತಾನೆ, ತುಟಿ ಅಲುಗುತ್ತದೆ, ಹುಬ್ಬು ಏರುತ್ತದೆ, ಸದ್ದು ಕೇಳುವುದಿಲ್ಲ. ಇವನು ಯಾಕೆ ಬದುಕಿದ್ದಾನೆ ಎಂದು ಆ ಗಳಿಗೆಯಲ್ಲಿ ಅನ್ನಿಸಿಬಿಡುತ್ತದೆ. ಆದರೆ ಗಮನಿಸಿ, ತಂತಿಯ ಆ ತುದಿಯಲ್ಲಿ ಒಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ. ಅವರಿಗೆ ಅದು ಮೂಕಾಭಿನಯವಲ್ಲ, ಮಾತು. ಗಾಜಿನ ಈಚೆ ನಿಂತವನ ನೋಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಒಂದು ಜಾಗದಿಂದ ಕಾಣುವ ನೋಟ, ಅಷ್ಟೇ.

ಅಮೆರಿಕದ ತತ್ತ್ವಜ್ಞ ಥಾಮಸ್ ನೇಗೆಲ್ 1971ರಲ್ಲಿ ಬರೆದ ಚಿಕ್ಕ ಪ್ರಬಂಧವೊಂದು ಇಲ್ಲಿ ಬಹಳ ಸಹಾಯ ಮಾಡುತ್ತದೆ. ಇವತ್ತು ನಾವು ಮಾಡುವುದು ಯಾವುದೂ ಹತ್ತು ಲಕ್ಷ ವರ್ಷದ ನಂತರ ಲೆಕ್ಕಕ್ಕೆ ಬರುವುದಿಲ್ಲ ಎಂದು ಜನ ಸಂಕಟಪಡುತ್ತಾರೆ. ಹಾಗಿದ್ದರೆ ಹತ್ತು ಲಕ್ಷ ವರ್ಷದ ನಂತರ ಏನಾಗುತ್ತದೆ ಎನ್ನುವುದೂ ಇವತ್ತಿನ ಲೆಕ್ಕಕ್ಕೆ ಬರಬೇಕಿಲ್ಲವಲ್ಲ ಎಂದು ಅವನು ತಿರುಗಿಸಿ ಕೇಳುತ್ತಾನೆ. ತಲೆನೋವಿಗೆ ಮಾತ್ರೆ ನುಂಗುವವನು ಬ್ರಹ್ಮಾಂಡದ ಉದ್ದೇಶ ಸಾಬೀತಾಗಲಿ ಎಂದು ಕಾಯುವುದಿಲ್ಲ. ಕಾರಣಗಳ ಸರಪಳಿ ಬದುಕಿನ ಒಳಗೇ ಕೊನೆಗೊಳ್ಳುತ್ತದೆ, ಅದರಲ್ಲಿ ಕೊರತೆಯೇನಿಲ್ಲ.

ಇನ್ನು ಸ್ವಾತಂತ್ರ್ಯ. ಇಲ್ಲೂ ಕನ್ನಡ ನಮ್ಮ ಕೈಹಿಡಿಯುತ್ತದೆ: ಸ್ವಚ್ಛಂದ ಬೇರೆ, ಸ್ವತಂತ್ರ ಬೇರೆ. ಮನಸ್ಸು ಎಳೆದತ್ತ ಹೋಗುವುದು ಸ್ವಚ್ಛಂದ. ತನ್ನ ತಂತ್ರ ತಾನೇ ನಡೆಸುವುದು, ಹೊರೆ ತಾನೇ ಹೊರುವುದು ಸ್ವಾತಂತ್ರ್ಯ. ನಿಮ್ಮ ಪತ್ರದಲ್ಲಿ ಈ ಎರಡೂ ಕಲೆತುಹೋಗಿವೆ ಎಂದು ನನ್ನ ಅನುಮಾನ.

1945ರ ಅಕ್ಟೋಬರ್ 29ರಂದು, ಯುದ್ಧ ಮುಗಿದು ಕೆಲವೇ ತಿಂಗಳಾಗಿದ್ದಾಗ, ಪ್ಯಾರಿಸ್‌ನ ಕಿಕ್ಕಿರಿದ ಸಭಾಂಗಣದಲ್ಲಿ ಫ್ರೆಂಚ್ ಅಸ್ತಿತ್ವವಾದಿ ತತ್ತ್ವಜ್ಞ ಝಾನ್ ಪಾಲ್ ಸಾರ್ತ್ರ ಒಂದು ಉಪನ್ಯಾಸ ಕೊಟ್ಟ. ಕಾಗದ ಕತ್ತರಿಸುವ ಚಾಕುವಿನ ಉದಾಹರಣೆ ಅಲ್ಲಿಯದು. ಚಾಕು ಹುಟ್ಟುವ ಮೊದಲೇ ಅದು ಯಾತಕ್ಕೆ ಎಂಬುದು ಕಮ್ಮಾರನ ತಲೆಯಲ್ಲಿ ಇರುತ್ತದೆ. ಮನುಷ್ಯನಿಗೆ ಅಂಥ ಕಮ್ಮಾರನಿಲ್ಲ. ಮೊದಲು ಇರುತ್ತಾನೆ, ಆಮೇಲೆ ಏನಾದರೂ ಆಗುತ್ತಾನೆ. ಅದೇ ಉಪನ್ಯಾಸದಲ್ಲಿ, ಯುದ್ಧದ ನಡುವೆ ತನ್ನನ್ನು ಹುಡುಕಿಕೊಂಡು ಬಂದ ಶಿಷ್ಯನೊಬ್ಬನ ಕತೆ ಹೇಳುತ್ತಾನೆ. ಆ ಹುಡುಗನ ಅಣ್ಣ 1940ರ ಜರ್ಮನ್ ದಾಳಿಯಲ್ಲಿ ಸತ್ತಿದ್ದ. ಅಪ್ಪ ಶತ್ರುಗಳ ಕಡೆ ವಾಲುತ್ತಿದ್ದ, ಅಮ್ಮನಿಗೆ ಇವನೊಬ್ಬನೇ ಆಸರೆ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಸೈನ್ಯ ಸೇರಲೇ, ಅಮ್ಮನ ಜೊತೆ ಉಳಿಯಲೇ ಎಂದು ಕೇಳಲು ಬಂದಿದ್ದ. ಸಾರ್ತ್ರ ಯಾವುದನ್ನೂ ಆರಿಸಿ ಕೊಡಲಿಲ್ಲ. ನೀನು ಸ್ವತಂತ್ರ, ಆಯ್ಕೆ ಮಾಡು, ಅಂದರೆ ದಾರಿಯನ್ನು ನೀನೇ ಹುಟ್ಟಿಸಿಕೋ ಎಂದ.

ಬಹಳ ವರ್ಷ ಈ ಕತೆಯನ್ನು ಪಾಠ ಮಾಡುತ್ತಾ, ಇದರಲ್ಲಿ ಗುರು ಜಾರಿಕೊಂಡ ಎಂದೇ ಅಂದುಕೊಂಡಿದ್ದೆ. ನಮ್ಮ ತಂದೆ ಕೊನೆಯ ಸಲ ಆಸ್ಪತ್ರೆ ಸೇರಿದಾಗ ನನ್ನ ಅಭಿಪ್ರಾಯ ಬದಲಾಯಿತು. ರಾತ್ರಿ ಎರಡೂವರೆ. ತೀವ್ರ ನಿಗಾ ಘಟಕದ ಹೊರಗಿನ ಕುರ್ಚಿಯಲ್ಲಿ ನಾನು, ತಮ್ಮ, ತಂಗಿ. ವೆಂಟಿಲೇಟರ್ ಹಾಕಬೇಕೋ ಬೇಡವೋ ಬರೆದುಕೊಡಿ ಎಂದು ವೈದ್ಯೆ ಒಂದು ಹಾಳೆ ತಂದರು. ಹಾಕಿದರೆ ಏನಾಗಬಹುದು, ಹಾಕದಿದ್ದರೆ ಏನಾಗಬಹುದು ಎರಡನ್ನೂ ತಾಳ್ಮೆಯಿಂದ ವಿವರಿಸಿದರು. ‘ನಿಮ್ಮ ತಂದೆಯಾಗಿದ್ದರೆ ನೀವೇನು ಮಾಡುತ್ತಿದ್ದಿರಿ?’ ಎಂದು ಕೇಳಿದೆ. ‘ಅದನ್ನು ನಾನು ಹೇಳಬಾರದು’ ಎಂದರು. ತಮ್ಮ, ‘ಅಣ್ಣ, ನೀನು ಹೇಳಿದ ಹಾಗೆ’ ಎಂದ. ತಂಗಿ ನೆಲ ನೋಡುತ್ತಿದ್ದಳು. ಹಾಳೆಯ ಕೆಳಗೆ ಎರಡು ಚೌಕಗಳಿದ್ದವು, ಒಂದಕ್ಕೆ ಗುರುತು ಹಾಕಬೇಕು. ಆ ಎರಡು ಚೌಕಗಳ ಮುಂದೆ ನಾನು ಓದಿದ್ದ ಯಾವ ನೀತಿಶಾಸ್ತ್ರವೂ ಪೆನ್ನನ್ನು ಹಿಡಿದು ಮುಂದಕ್ಕೆ ತಳ್ಳಲಿಲ್ಲ. ಅಪ್ಪನ ಮೇಲಿನ ಪ್ರೀತಿ ಎರಡೂ ಕಡೆಗೆ ಎಳೆಯುತ್ತಿತ್ತು. ಬೇಡ ಎಂಬ ಚೌಕಕ್ಕೆ ಗುರುತು ಹಾಕಿದೆ. ಬೆಳಗಿನ ಜಾವ ಅಪ್ಪ ಹೋದರು.

ಅದಾದ ಮೇಲೆ ನಾನು ಮಾಡಿದ್ದನ್ನೇ ನಿಮಗೆ ಹೇಳಬೇಕಾದದ್ದು. ವಿಚಾರಿಸಲು ಬಂದ ನೆಂಟರೆಲ್ಲರಿಗೂ ತಿಂಗಳುಗಟ್ಟಲೆ ‘ಡಾಕ್ಟರು ಬೇಡ ಅಂದರು’ ಎನ್ನುತ್ತಿದ್ದೆ. ಅವರು ಹಾಗೆ ಅಂದಿರಲಿಲ್ಲ. ಯಾರಿಗೂ ಮೋಸ ಮಾಡುವ ಉದ್ದೇಶ ನನಗಿರಲಿಲ್ಲ. ಹೇಳಿ ಹೇಳಿ ನಾನೇ ಅದನ್ನು ಅರ್ಧ ನಂಬಿದ್ದೆ. ಸಾರ್ತ್ರ 1943ರ ತನ್ನ ದೊಡ್ಡ ಗ್ರಂಥ ‘ಸತ್ ಮತ್ತು ಶೂನ್ಯ’ದಲ್ಲಿ ಆತ್ಮವಂಚನೆ ಎಂದು ಕರೆದದ್ದು ಇದನ್ನೇ. ಆ ಅಧ್ಯಾಯದಲ್ಲಿ ಬರುವ ಕೆಫೆಯ ಮಾಣಿಯನ್ನು ಎಲ್ಲರೂ ಉದಾಹರಿಸುತ್ತಾರೆ. ಅವನ ನಡಿಗೆ ಒಂದಿಷ್ಟು ಹೆಚ್ಚೇ ಚುರುಕು, ಬಾಗುವುದು ಒಂದಿಷ್ಟು ಹೆಚ್ಚೇ ವಿನಯ, ತಾನು ಮಾಣಿಯಲ್ಲದೆ ಬೇರೇನೂ ಅಲ್ಲ ಎಂಬಂತೆ. ಮಾಡಿದವನು ನಾನಲ್ಲ, ನನ್ನ ಪಾತ್ರ, ನನ್ನ ಸ್ವಭಾವ, ನನ್ನ ಹಣೆಬರಹ, ಡಾಕ್ಟರು. ಸ್ವಾತಂತ್ರ್ಯ ಒಂದು ಶಿಕ್ಷೆ ಎಂದು ಸಾರ್ತ್ರ ಹೇಳಿದ್ದು ಇದಕ್ಕೇ. ಆಯ್ಕೆಯ ಭಾರವನ್ನು ಯಾರ ಕೈಗೂ ದಾಟಿಸಲಾಗದು ಎಂಬ ಅರಿವು ಅದು. ಅವನಿಗಿಂತ ನೂರು ವರ್ಷ ಮೊದಲು, 1844ರಲ್ಲಿ, ಡೆನ್ಮಾರ್ಕಿನ ತತ್ತ್ವಜ್ಞ ಕೀರ್ಕೆಗಾರ್ಡ್ ಆತಂಕವನ್ನು ಸ್ವಾತಂತ್ರ್ಯದ ತಲೆಸುತ್ತು ಎಂದು ಕರೆದಿದ್ದ. ಅವನಿಗೆ ದೇವರಿದ್ದ. ತಲೆಸುತ್ತು ಮಾತ್ರ ತಪ್ಪಿರಲಿಲ್ಲ.

ಈಗ ನಿಮ್ಮ ವಾಕ್ಯಕ್ಕೆ ಬನ್ನಿ: ‘ಇದಕ್ಕೂ ಅರ್ಥವಿಲ್ಲ ಅನ್ನಿಸಿ ನಿಲ್ಲಿಸಿಬಿಟ್ಟೆ.’ ಕಠಿಣವಾಗಿ ಕೇಳಿಸಿದರೆ ಕ್ಷಮಿಸಿ, ನನ್ನ ‘ಡಾಕ್ಟರು ಬೇಡ ಅಂದರು’ ಎಂಬುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ. ಬ್ರಹ್ಮಾಂಡ ನಿಮಗೆ ಓದಬೇಡ ಎಂದಿರಲಿಲ್ಲ. ಓದು ಎಂದೂ ಅಂದಿರಲಿಲ್ಲ. ನಿಲ್ಲಿಸಿದವರು ನೀವು. ದಣಿವಾಗಿತ್ತೋ, ಬೇಸರವೋ, ಬೇರೆ ಕೆಲಸ ಬಿತ್ತೋ, ಅವನೊಂದಿಗೆ ಏನಾದರೂ ಮಾತು ಬಂತೋ, ನನಗೆ ತಿಳಿಯದು. ಅವೆಲ್ಲ ಮನುಷ್ಯರಿಗೆ ಸಹಜವಾದ ಕಾರಣಗಳು, ಯಾರ ಎದುರೂ ಹೇಳಿಕೊಳ್ಳಬಹುದು. ಅದನ್ನು ಬಿಟ್ಟು ತತ್ತ್ವವನ್ನು ಮುಂದೆ ನಿಲ್ಲಿಸಿದರೆ, ಮೊದಲು ದೇವರು ಕೂತಿದ್ದ ಪೀಠದಲ್ಲಿ ಅರ್ಥಹೀನತೆಯನ್ನು ಕೂರಿಸಿ, ಅದರ ಅಪ್ಪಣೆ ಪಾಲಿಸಿದಂತಾಗುತ್ತದೆ.

ಇಷ್ಟಾದರೂ ನಿಮ್ಮ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಹೊಣೆ ನನ್ನದೇ ಎಂದು ಒಪ್ಪಿದವನು ಕೆಟ್ಟದ್ದನ್ನೇ ಹೊಣೆಯಿಂದ ಮಾಡಬಹುದಲ್ಲ? ಖಂಡಿತ ಮಾಡಬಹುದು. ಈ ಪರಂಪರೆಯ ಅತಿ ದೊಡ್ಡ ಗಾಯ ಇರುವುದು ಅಲ್ಲೇ. 1927ರಲ್ಲಿ ಬಂದ ‘ಸತ್ ಮತ್ತು ಕಾಲ’ದಲ್ಲಿ ಜರ್ಮನ್ ತತ್ತ್ವಜ್ಞ ಹೈಡೆಗರ್, ಗುಂಪಿನೊಳಗೆ ಕರಗಿಹೋಗದೆ ತನ್ನ ಸಾವನ್ನು ತಾನು ಎದುರಿಸಿ ತನ್ನ ಬದುಕು ತಾನು ಬದುಕುವುದರ ಬಗ್ಗೆ ಅಸಾಮಾನ್ಯವಾದ ಪುಟಗಳನ್ನು ಬರೆದ. 1933ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥನಾದ, ಅದೇ ವರ್ಷ ಮೇ ತಿಂಗಳಲ್ಲಿ ನಾತ್ಸಿ ಪಕ್ಷ ಸೇರಿದ. ನನಗೆ ನಾನು ಪ್ರಾಮಾಣಿಕನಾಗಿದ್ದರೆ ಸಾಕು ಎನ್ನುವವರಿಗೆ ಈ ಒಂದು ಸಂಗತಿ ಸದಾ ನೆನಪಿರಬೇಕು. ಸಾಲದು.

ಸಾರ್ತ್ರನಿಗೂ ಇದರ ಅರಿವಿತ್ತು. ನನಗಾಗಿ ಆಯ್ಕೆ ಮಾಡುವಾಗ ಇಡೀ ಮನುಷ್ಯಕುಲಕ್ಕಾಗಿ ಆಯ್ಕೆ ಮಾಡುತ್ತೇನೆ ಎಂದು 1945ರ ಉಪನ್ಯಾಸದಲ್ಲಿ ವಾದಿಸಿದ. ಆ ವಾದ ನಿಲ್ಲುತ್ತದೆ ಎಂದು ನನಗನ್ನಿಸುವುದಿಲ್ಲ. ನಾನು ಒಂಟಿಯಾಗಿರಲು ಬಯಸಿದ ಮಾತ್ರಕ್ಕೆ ಎಲ್ಲರೂ ಒಂಟಿಯಾಗಿರಲಿ ಎಂದು ಹೇಳಿದಂತಾಗುವುದಿಲ್ಲ. ಒಂದು ನೀತಿಶಾಸ್ತ್ರ ಬರೆಯುತ್ತೇನೆಂದು ಮಾತು ಕೊಟ್ಟಿದ್ದ, ಅದು ಮುಗಿಯಲೇ ಇಲ್ಲ. ಅದಕ್ಕಾಗಿ ಬರೆದಿಟ್ಟ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ 1983ರಲ್ಲಿ ಅಚ್ಚಾದವು.

ಅವನಿಂದಾಗದ್ದನ್ನು ಮಾಡಿದವಳು ಅವನ ಸಂಗಾತಿ, ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾ. ನಿಮ್ಮ ಪತ್ರದಲ್ಲಿ ಅವಳ ಹೆಸರಿಲ್ಲದ್ದು ನನಗೆ ಬೇಸರ ತಂದಿತು. ಅಸ್ತಿತ್ವವಾದ ಓದುವವರು ಸಾಮಾನ್ಯವಾಗಿ ಅವಳನ್ನು ಸ್ತ್ರೀವಾದದ ಕಪಾಟಿಗೆ ಹಾಕಿ ಮುಂದೆ ಹೋಗುತ್ತಾರೆ. 1940ರ ವಸಂತದಲ್ಲಿ, ಸೈನ್ಯದಿಂದ ರಜೆಯ ಮೇಲೆ ಬಂದಿದ್ದ ಸಾರ್ತ್ರನೊಂದಿಗೆ ಅವಳು ಮಾಡಿದ ಜಗಳವೊಂದನ್ನು ತನ್ನ ಆತ್ಮಕತೆಯಲ್ಲಿ ದಾಖಲಿಸಿದ್ದಾಳೆ. ಯಾವ ಪರಿಸ್ಥಿತಿಯಲ್ಲೂ ಮನುಷ್ಯ ಅದನ್ನು ಮೀರಬಲ್ಲ ಎಂದು ಅವನು. ಅಂತಃಪುರದಲ್ಲಿ ಬೀಗ ಹಾಕಿ ಇಟ್ಟ ಹೆಂಗಸು ಏನನ್ನು ಮೀರಬಲ್ಲಳು ಎಂದು ಅವಳು. ಎಲ್ಲ ಪರಿಸ್ಥಿತಿಗಳೂ ಸಮವಲ್ಲ ಎಂಬುದು ಅವಳ ಪಟ್ಟು. ಆ ಜಗಳದಲ್ಲಿ ಗೆದ್ದವಳು ಅವಳೇ ಎಂದು ನಾನು ತಿಳಿದಿದ್ದೇನೆ. 1969ರ ಸಂದರ್ಶನವೊಂದರಲ್ಲಿ ಸಾರ್ತ್ರನೇ ತನ್ನ ಹಳೆಯ ಮಾತುಗಳನ್ನು ನೆನೆದು, ಇದನ್ನು ನಾನು ನಿಜಕ್ಕೂ ನಂಬಿದ್ದೆನೇ ಎಂದು ಅಚ್ಚರಿಪಟ್ಟ. ಪರಿಸ್ಥಿತಿ ತನ್ನನ್ನು ಏನು ಮಾಡಿತೋ ಅದನ್ನು ಮನುಷ್ಯ ಪೂರ್ತಿ ಹಾಗೆಯೇ ಹಿಂದಿರುಗಿಸದಂತೆ ಮಾಡುವ ಒಂದು ಸಣ್ಣ ಚಲನೆ, ಸ್ವಾತಂತ್ರ್ಯ ಅಂದರೆ ಅಷ್ಟೇ ಎಂದ. ನೀವು ಪತ್ರದಲ್ಲಿ ‘ಪೂರ್ತಿ ಸ್ವತಂತ್ರ’ ಎಂದು ಬರೆದಿದ್ದೀರಲ್ಲ, ಆ ‘ಪೂರ್ತಿ’ಯನ್ನು ಅಳಿಸಿಬಿಡಿ.

ಬೋವಾ 1947ರಲ್ಲಿ ದ್ವಂದ್ವಾರ್ಥದ ನೀತಿಯ ಬಗ್ಗೆ ಒಂದು ತೆಳುವಾದ ಪುಸ್ತಕ ಬರೆದಳು. ತನ್ನ ಪುಸ್ತಕಗಳಲ್ಲೆಲ್ಲ ತನಗೆ ಹೆಚ್ಚು ಕಿರಿಕಿರಿ ತರುವುದು ಅದೇ ಎಂದು ಮುಂದೆ ಅವಳೇ ಹೇಳಿಕೊಂಡಿದ್ದಾಳೆ. ನನಗೆ ಮಾತ್ರ ಈ ಇಡೀ ಪರಂಪರೆಯಲ್ಲಿ ಅದಕ್ಕಿಂತ ಉಪಯೋಗಕ್ಕೆ ಬಂದ ಪುಸ್ತಕ ಇನ್ನೊಂದಿಲ್ಲ. ಬದುಕು ಅಸಂಗತ ಎನ್ನುವುದಕ್ಕೂ ದ್ವಂದ್ವಾರ್ಥದ್ದು ಎನ್ನುವುದಕ್ಕೂ ಅಲ್ಲಿ ಅವಳು ಗೆರೆ ಎಳೆಯುತ್ತಾಳೆ. ಅಸಂಗತ ಎಂದರೆ ಅದಕ್ಕೆ ಅರ್ಥ ಬರಲು ಸಾಧ್ಯವೇ ಇಲ್ಲ ಎಂದಂತೆ. ದ್ವಂದ್ವಾರ್ಥ ಎಂದರೆ ಅದರ ಅರ್ಥ ಯಾವತ್ತೂ ಒಂದೇ ಸಲಕ್ಕೆ ನಿಗದಿಯಾಗುವುದಿಲ್ಲ, ಮತ್ತೆ ಮತ್ತೆ ಗಳಿಸಿಕೊಳ್ಳಬೇಕು. ನೀವು ಈ ಎರಡನೆಯದನ್ನು ಅನುಭವಿಸುತ್ತಾ ಮೊದಲನೆಯದರ ಹೆಸರಿಟ್ಟಿದ್ದೀರಿ ಎಂದು ನನಗನ್ನಿಸುತ್ತದೆ.

ಅವಳ ವಾದದ ಜೀವಾಳ ಇದು. ನಾನು ಸ್ವತಂತ್ರ ಎಂದರೆ ಭವಿಷ್ಯದ ಕಡೆಗೆ ಏನನ್ನೋ ಚಾಚುತ್ತೇನೆ: ಒಂದು ಮಾತು, ಒಂದು ಕೆಲಸ, ಒಂದು ಪುಸ್ತಕ. ಅದನ್ನು ಎತ್ತಿಕೊಳ್ಳಲು, ಬಳಸಲು, ತಿದ್ದಲು, ಬೇಡವೆನ್ನಲು ಬೇರೆ ಸ್ವತಂತ್ರ ಜನ ಇಲ್ಲದಿದ್ದರೆ ಅದು ಗಾಳಿಗೆ ಎಸೆದ ಕಲ್ಲು. ಗುಲಾಮನ ಹೊಗಳಿಕೆ ಯಾರಿಗೂ ತೃಪ್ತಿ ಕೊಡುವುದಿಲ್ಲ, ಏಕೆಂದರೆ ಅವನಿಗೆ ತೆಗಳುವ ಅವಕಾಶವಿಲ್ಲ. ಹೀಗಾಗಿ ನನ್ನ ಸ್ವಾತಂತ್ರ್ಯ ನನಗೆ ಬೇಕು ಎಂದಾದರೆ ಇತರರ ಸ್ವಾತಂತ್ರ್ಯವೂ ನನಗೆ ಬೇಕೇ ಬೇಕು. ಕರುಣೆಯನ್ನೂ ಆಜ್ಞೆಯನ್ನೂ ಈ ವಾದ ನೆಚ್ಚಿಲ್ಲ. ಇತರರನ್ನು ತುಳಿಯುವವನು ತಾನು ನಿಂತ ನೆಲವನ್ನೇ ಅಗೆಯುತ್ತಾನೆ.

ಇದು ಎಲ್ಲರನ್ನೂ ಕಟ್ಟಿಹಾಕುವ ತರ್ಕವೇ? ಇಲ್ಲ. ತನ್ನ ಸ್ವಾತಂತ್ರ್ಯವೇ ತನಗೆ ಬೇಡ ಎನ್ನುವವನನ್ನು ಯಾವ ವಾದವೂ ಹಿಡಿಯಲಾರದು. ಆದರೆ ‘ಯಾಕೆ ಒಳ್ಳೆಯವನಾಗಿರಬೇಕು?’ ಎಂದು ಪತ್ರ ಬರೆದು ಉತ್ತರಕ್ಕೆ ಕಾಯುವವರು ಆ ಜಾತಿಯವರಲ್ಲ. ನೀವು ಬಲವಂತಕ್ಕೆ ತಲೆಯಾಡಿಸುವವನಿಂದ ಉತ್ತರ ಬಯಸಿಲ್ಲ. ನಿಮ್ಮನ್ನು ಒಪ್ಪದಿರಬಲ್ಲ ಒಬ್ಬರಿಂದ ಬಯಸಿದ್ದೀರಿ.

ಇನ್ನು ನಿಮ್ಮ ಅತ್ಯಂತ ಮೊನಚಾದ ಪ್ರಶ್ನೆ: ನಾನೇ ಕಟ್ಟಿದ್ದನ್ನು ನಾನೇ ಕೆಡವಬಹುದಲ್ಲ? ಸಾರ್ತ್ರನ ದೊಡ್ಡ ಗ್ರಂಥದಲ್ಲಿ ಒಬ್ಬ ಜೂಜುಗಾರ ಬರುತ್ತಾನೆ. ಇನ್ನು ಆಡುವುದಿಲ್ಲ ಎಂದು ನಿನ್ನೆ ಪೂರ್ಣ ಮನಸ್ಸಿನಿಂದ ನಿರ್ಧರಿಸಿದ್ದಾನೆ. ಇವತ್ತು ಜೂಜಿನ ಮೇಜಿನ ಬಳಿ ಬಂದಾಗ ಆ ನಿರ್ಧಾರ ತನ್ನನ್ನು ತಡೆಯುತ್ತದೆ ಎಂದು ನೋಡುತ್ತಾನೆ, ಅದು ತಡೆಯುವುದಿಲ್ಲ. ನಿನ್ನೆಯ ನಿರ್ಧಾರ ಇವತ್ತಿಗೆ ಬರೀ ನೆನಪು. ಮತ್ತೆ ಹೊಸದಾಗಿ ನಿರ್ಧರಿಸಬೇಕು. ನೀವು ಹೇಳುವುದು ಅಷ್ಟರ ಮಟ್ಟಿಗೆ ನಿಜ.

ಆದರೆ ‘ಅರ್ಥ ಕಟ್ಟುವುದು’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಬ್ಬ ಮನುಷ್ಯ ಕೋಣೆಯಲ್ಲಿ ಕೂತು ತನ್ನ ಬದುಕಿಗೆ ಒಂದು ಅರ್ಥ ಘೋಷಿಸಿಕೊಳ್ಳುವ ಚಿತ್ರ ಅದು. ಹಾಗೆ ಘೋಷಿಸಿದ್ದನ್ನು ಹಾಗೇ ರದ್ದು ಮಾಡಬಹುದು, ಸರಿಯೇ. ಈಗ ನಾವಿಬ್ಬರೂ ಬಳಸುತ್ತಿರುವ ಈ ಭಾಷೆಯನ್ನೇ ನೋಡಿ. ‘ಮರ’ ಎಂಬ ಸದ್ದಿಗೆ ಮರ ಎಂಬರ್ಥವನ್ನು ಯಾವ ದೇವರೂ ಕೊಡಲಿಲ್ಲ, ಪ್ರಕೃತಿಯೂ ಕೊಡಲಿಲ್ಲ. ಪೂರ್ತಿ ಮನುಷ್ಯರೇ ಮಾಡಿದ್ದು. ಹಾಗೆಂದು ನಾಳೆ ಬೆಳಿಗ್ಗೆಯಿಂದ ‘ಮರ’ ಎಂದರೆ ಕಲ್ಲು ಎಂದು ನೀವೊಬ್ಬರೇ ಠರಾವು ಮಾಡಲು ಬರುವುದಿಲ್ಲ. ಮನುಷ್ಯರು ಮಾಡಿದ್ದೆಲ್ಲ ಒಬ್ಬನ ಖಯಾಲಿಯಲ್ಲ. ಆಕಾಶದಲ್ಲಿ ಕೆತ್ತಿಟ್ಟದ್ದು, ನನ್ನ ತಲೆಯೊಳಗೆ ಹುಟ್ಟಿ ಸಾಯುವುದು, ಈ ಎರಡರ ನಡುವೆ ಮೂರನೆಯ ಜಾಗವೊಂದಿದೆ, ಜನರ ನಡುವಿನ ಜಾಗ. ಮಾತು ಅಲ್ಲಿರುತ್ತದೆ. ಕೊಟ್ಟ ಭಾಷೆಯೂ ಅಲ್ಲೇ ಇರುತ್ತದೆ. ಕನ್ನಡದಲ್ಲಿ ಆಡುವ ನುಡಿಗೂ ಕೊಡುವ ವಚನಕ್ಕೂ ‘ಭಾಷೆ’ ಎಂಬ ಒಂದೇ ಪದವಿರುವುದು ಯೋಚಿಸುವಂಥದ್ದು. ನೀವು ಆ ಹುಡುಗನಿಗೆ ಓದುತ್ತೇನೆ ಎಂದಾಗ ಹುಟ್ಟಿದ್ದರ ಅರ್ಧ ಅವನ ಬಳಿ ಇದೆ. ನಿಮ್ಮ ಅರ್ಧವನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬಹುದು, ತೆಗೆದುಕೊಂಡಿದ್ದೀರಿ. ಅವನ ಅರ್ಧ ಅಲ್ಲೇ ಉಳಿದಿದೆ. ಆ ಎರಡು ಸಂಜೆ ನಿಮ್ಮ ಕಾಲಿನ ಸಪ್ಪಳಕ್ಕೆ ಕಿವಿಗೊಟ್ಟು ಅವನು ಕೂತಿದ್ದಾನಾದರೆ ನಿಮ್ಮ ತತ್ತ್ವ ಅದನ್ನು ಕೆಡವಲಾರದು. ನಿಮ್ಮ ಕಸಿವಿಸಿಗೆ ನನಗೆ ತಿಳಿದ ಕಾರಣ ಇದು. ಹಳೆಯ ಸಂಸ್ಕಾರದ ಪಳೆಯುಳಿಕೆ ಎಂದು ಅದನ್ನು ತಳ್ಳಿಹಾಕಬೇಡಿ. ವಸ್ತುಸ್ಥಿತಿಯನ್ನು ನಿಮ್ಮ ಸಿದ್ಧಾಂತಕ್ಕಿಂತ ಸರಿಯಾಗಿ ಕಂಡಿರುವುದು ಅದೇ.

ಕಮೂನ ಬರಹದಲ್ಲೂ ಇದೇ ದಾರಿ ಕಾಣುತ್ತದೆ. (ಅವನು ತಾನು ಅಸ್ತಿತ್ವವಾದಿಯಲ್ಲ ಎಂದು 1945ರಲ್ಲೇ ಸ್ಪಷ್ಟವಾಗಿ ಹೇಳಿದ್ದ, ನಾವು ಅವನನ್ನು ಬಿಡದೆ ಅದೇ ಸಾಲಿನಲ್ಲಿ ಕೂರಿಸುತ್ತೇವೆ.) 1942ರ ಪುಸ್ತಕದಲ್ಲಿ ಬರುವ ಸಿಸಿಫಸ್, ಬಂಡೆಯನ್ನು ಬೆಟ್ಟದ ಮೇಲೆ ಮತ್ತೆ ಮತ್ತೆ ಉರುಳಿಸುವ ಶಾಪ ಹೊತ್ತ ಗ್ರೀಕ್ ಪುರಾಣದವನು, ಒಬ್ಬಂಟಿ. ಬೆಟ್ಟದ ಮೇಲೆ ಬಂಡೆ ಇದೆ, ಅವನಿದ್ದಾನೆ, ಇನ್ನೊಬ್ಬ ನರಪಿಳ್ಳೆಯಿಲ್ಲ. ಆ ಚಿತ್ರ ಎಷ್ಟೇ ಭವ್ಯವಾದರೂ ಅದರಲ್ಲಿ ನೀತಿ ಹುಟ್ಟಲು ಜಾಗವಿಲ್ಲ, ಬಂಡೆಗೆ ಅನ್ಯಾಯ ಮಾಡಲು ಬರುವುದಿಲ್ಲವಲ್ಲ. 1947ರ ‘ಪ್ಲೇಗ್’ ಕಾದಂಬರಿಯಲ್ಲಿ ಬಂಡೆಯ ಜಾಗಕ್ಕೆ ಸಾಂಕ್ರಾಮಿಕ ರೋಗ ಬರುತ್ತದೆ, ಒಬ್ಬನ ಜಾಗಕ್ಕೆ ಇಡೀ ಒರಾನ್ ನಗರ. ಪ್ಲೇಗಿನ ಎದುರು ಹೋರಾಡಲು ಇರುವ ದಾರಿ ಪ್ರಾಮಾಣಿಕತೆ ಎನ್ನುತ್ತಾನೆ ಡಾಕ್ಟರ್ ರಿಯೂ. ಹಾಗೆಂದರೇನು ಎಂದು ಪತ್ರಕರ್ತ ರಾಂಬೆರ್ ಕೇಳುತ್ತಾನೆ. ಎಲ್ಲರ ಮಟ್ಟಿಗೆ ಗೊತ್ತಿಲ್ಲ, ನನ್ನ ಮಟ್ಟಿಗೆ ನನ್ನ ಕೆಲಸ ಮಾಡುವುದು ಎನ್ನುತ್ತಾನೆ ಡಾಕ್ಟರು. ರಾಂಬೆರ್ ಊರಿನವನಲ್ಲ. ತಪ್ಪಿಸಿಕೊಂಡು ಪ್ರೇಯಸಿಯ ಬಳಿ ಹೋಗಲು ಹಾದಿ ಸಿಕ್ಕಾಗ, ಒಬ್ಬನೇ ಸುಖವಾಗಿರುವುದರಲ್ಲಿ ನಾಚಿಕೆ ಇರಬಹುದು ಎಂದು ಉಳಿದುಬಿಡುತ್ತಾನೆ. ಸುಖ ಬಯಸುವುದರಲ್ಲಿ ನಾಚಿಕೆಯಿಲ್ಲ ಎಂದು ಡಾಕ್ಟರೇ ಅವನಿಗೆ ಹೇಳುತ್ತಾನೆ ಎಂಬುದನ್ನೂ ಮರೆಯಬೇಡಿ. ಇಲ್ಲಿ ಯಾರೂ ಯಾರನ್ನೂ ತ್ಯಾಗಕ್ಕೆ ದೂಡುತ್ತಿಲ್ಲ.

ಒಂದು ಬೇರೆ ಮಾತು ಕೇಳಲೇಬೇಕು. ‘ಯಾವುದಕ್ಕೂ ಅರ್ಥವಿಲ್ಲ’ ಎನ್ನುವುದು ನಿಮಗೆ ಪುಸ್ತಕ ಮುಚ್ಚಿದ ಮೇಲೂ ಇರುತ್ತದೆಯೇ? ನಿದ್ದೆ, ಹಸಿವು ಕೆಟ್ಟಿದೆಯ? ಮೊದಲು ಹಿತವೆನಿಸುತ್ತಿದ್ದದ್ದೆಲ್ಲ ಸಪ್ಪೆಯಾಗಿದೆಯ? ಬದುಕೇ ಬೇಡ ಅನ್ನಿಸಿದ್ದಿದೆಯ? ಇದ್ದರೆ ಅದು ನನ್ನಂಥವನ ಪತ್ರದಿಂದ ಹೋಗುವಂಥದ್ದಲ್ಲ. ದಯವಿಟ್ಟು ತಡಮಾಡದೆ ಮಾನಸಿಕ ಆರೋಗ್ಯದ ವೈದ್ಯರನ್ನು ನೋಡಿ, ಹತ್ತಿರದವರಿಗೆ ಹೇಳಿ. ಖಿನ್ನತೆ ತತ್ತ್ವಶಾಸ್ತ್ರದ ವೇಷ ಹಾಕಿಕೊಂಡು ಬಂದದ್ದನ್ನು ನನ್ನ ವಿದ್ಯಾರ್ಥಿಗಳಲ್ಲಿ ನೋಡಿದ್ದೇನೆ. ಒಬ್ಬಳ ವಿಷಯದಲ್ಲಿ ಅದನ್ನು ಗುರುತಿಸಲು ನಾನು ತಡಮಾಡಿದೆ, ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಅವಳು ಈಗ ಚೆನ್ನಾಗಿದ್ದಾಳೆ.

ಅಂಥದ್ದೇನಿಲ್ಲ ಎಂದಾದರೆ, ಆ ಹುಡುಗನ ವಿಷಯ ಒಂದಿಷ್ಟು. ಮತ್ತೆ ಓದಲು ಹೋಗಲೇಬೇಕು ಎಂದು ನಾನು ಹೇಳುವುದಿಲ್ಲ, ಆ ಚೌಕಕ್ಕೆ ಗುರುತು ಹಾಕಬೇಕಾದವರು ನೀವೇ. ಇನ್ನು ಬರಲಾಗುವುದಿಲ್ಲ ಎಂದು ತೀರ್ಮಾನಿಸಿದರೂ ಅವನಿಗೆ ಅದನ್ನು ಹೇಳಿ, ಅವನು ಬೇರೆ ಯಾರನ್ನಾದರೂ ಗೊತ್ತು ಮಾಡಿಕೊಳ್ಳುವ ಸ್ಥಿತಿಯಲ್ಲಿರಲಿ. ಕಣ್ಣು ಕಾಣುವುದಿಲ್ಲ ಎಂಬುದು ಅವನ ಪರಿಸ್ಥಿತಿ. ಅದರಿಂದ ಅವನು ಏನಾಗುತ್ತಾನೆ ಎಂಬುದು ಅವನ ಕೈಯಲ್ಲಿದೆ, ಆದರೆ ಆ ಕೈಗೆ ಪುಸ್ತಕ ಸಿಗುವುದು ಇನ್ನೊಬ್ಬರ ದನಿಯಿಂದ. ಹೋಗುವುದಾದರೆ ಉಪಕಾರಿಯಂತೆ ಹೋಗಬೇಡಿ. ಹೇಳದೆ ಕೇಳದೆ ಎರಡು ತಿಂಗಳು ಬಾರದೆ ಇದ್ದವರಂತೆ ಹೋಗಿ. ಸಿಟ್ಟಾಗಿದ್ದರೆ ಅವನ ಸಿಟ್ಟು ಕೇಳಿಸಿಕೊಳ್ಳಿ, ನೀವು ಬೇಡ ಎನ್ನುವುದಕ್ಕೂ ಅವನಿಗೆ ಹಕ್ಕಿದೆ.

ಅವನ ಪರೀಕ್ಷೆ ಯಾವಾಗ ಎಂದು ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿ. ಪುಟದ ಸಂಖ್ಯೆ ಹೇಗೂ ನೆನಪಿದೆಯಲ್ಲ.